ಸಬ್ ಸ್ಟೇಷನ್ನಿನ ಬ್ಯಾಟರಿ ಕೋಣೆಯಿಂದ ಕೋಲಾರದವರೆಗೆ

ಮೇ ತಿಂಗಳ ಗಾಳಿಮಳೆಗೆ ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರುಗಳ ಸುತ್ತ ಬೇವಿನ ಟೊಂಗೆ ಮುರಿದು 11 ಕೆ.ವಿ. ಲೈನಿನ ಮೇಲೆ ಬೀಳುವುದು ಯಾರಿಗೂ ಹೊಸ ಸುದ್ದಿಯಲ್ಲ. ತಂತಿ ಹರಿದು ನೆಲ ಮುಟ್ಟಿದ ಕೂಡಲೇ ಸಬ್ ಸ್ಟೇಷನ್ನಿನ ರಿಲೇ ಅದನ್ನು ಗುರುತಿಸಬೇಕು, ಬ್ರೇಕರಿನ ಟ್ರಿಪ್ ಕಾಯಿಲ್‌ಗೆ ಕರೆಂಟ್ ಹರಿಯಬೇಕು, ಲೈನ್ ಸತ್ತುಹೋಗಬೇಕು. ತಡವಾದರೆ ಹೊಲದಲ್ಲಿದ್ದ ದನವೋ ಮನುಷ್ಯನೋ ಬಲಿಯಾಗುವ ಅಪಾಯ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲೈನೇ ಕೆಟ್ಟು ಕೂತ ಗಳಿಗೆಯಲ್ಲಿ ಆ ಟ್ರಿಪ್ ಕಾಯಿಲ್‌ಗೆ ಕರೆಂಟ್ ಎಲ್ಲಿಂದ ಬರಬೇಕು? ದೋಷ ಉಂಟಾದಾಗ ವೋಲ್ಟೇಜ್ ಕುಸಿದಿರುತ್ತದೆ. ಕೆಲವೊಮ್ಮೆ ಇಡೀ ಕೇಂದ್ರಕ್ಕೇ ವಿದ್ಯುತ್ ಇರುವುದಿಲ್ಲ. ಕಾಯಬೇಕಾದ ಲೈನನ್ನೇ ಕಾವಲಿಗೆ ನಂಬುವಂತಿಲ್ಲ.

ಅದಕ್ಕಾಗಿಯೇ ಸಬ್ ಸ್ಟೇಷನ್ನುಗಳಲ್ಲಿ ಒಂದು ಬ್ಯಾಟರಿ ಕೋಣೆ ಇರುತ್ತದೆ. ಆಮ್ಲದ ವಾಸನೆಯ ಆ ಕೋಣೆಯಲ್ಲಿ ಮರದ ಸ್ಟ್ಯಾಂಡಿನ ಮೇಲೆ ಸಾಲಾಗಿ ಕೂತ ಸೀಸ-ಆಮ್ಲದ ಸೆಲ್‌ಗಳು. 110 ವೋಲ್ಟ್ ಡಿಸಿ ಬೇಕಾದಲ್ಲಿ ತಲಾ 2 ವೋಲ್ಟಿನ 55 ಸೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿರುತ್ತಾರೆ. ರಿಲೇ, ಬ್ರೇಕರ್, ಸೂಚನಾ ದೀಪ, ಕತ್ತಲಾದಾಗ ಹೊತ್ತಿಕೊಳ್ಳುವ ಒಂದೆರಡು ತುರ್ತು ಬಲ್ಬು, ಎಲ್ಲಕ್ಕೂ ಇದೇ ಆಸರೆ. ಈ ಸೆಲ್‌ಗಳು ಸದಾ ತುಂಬಿರುವಂತೆ ನೋಡಿಕೊಳ್ಳುವುದು ಪಕ್ಕದ ಕೋಣೆಯಲ್ಲಿರುವ, ಕಬ್ಬಿಣದ ಕಪಾಟಿನಷ್ಟು ದೊಡ್ಡ ಚಾರ್ಜರ್. ಊರಿನ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಚಾರ್ಜರಿನ ಹೆಸರು ಎತ್ತುವವರು ವಿರಳ. ಆದರೆ ಎಸಿ ವಿದ್ಯುತ್ತನ್ನು ಡಿಸಿಯಾಗಿ ಮಾರ್ಪಡಿಸುವುದಷ್ಟೇ ಅಲ್ಲ, ಬೇಕಾದಷ್ಟೇ ಮಾರ್ಪಡಿಸುವ ವಿದ್ಯೆ ಏನೆಂದು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಈ ಭಾಗದಲ್ಲಿ ಸಿಗುವುದು ಕಷ್ಟ.

ಚಾರ್ಜರಿನ ಕೆಲಸ ಕೇಳಲು ಸುಲಭ, ಮಾಡಲು ಸೂಕ್ಷ್ಮ. ಸಾಮಾನ್ಯ ದಿನಗಳಲ್ಲಿ ಒಂದೊಂದು ಸೆಲ್‌ಗೆ ಸುಮಾರು 2.2 ವೋಲ್ಟ್ ಹಿಡಿದು ನಿಲ್ಲಬೇಕು. 55 ಸೆಲ್‌ಗೆ ಲೆಕ್ಕ ಹಾಕಿದರೆ 121 ವೋಲ್ಟ್. ಇದಕ್ಕೆ ಫ್ಲೋಟ್ ಚಾರ್ಜ್ ಅನ್ನುತ್ತಾರೆ. ಬ್ಯಾಟರಿ ತನ್ನಷ್ಟಕ್ಕೆ ಸೋರಿಸಿಕೊಳ್ಳುವ ಅಲ್ಪ ಶಕ್ತಿಯನ್ನು ತುಂಬಿಕೊಡುತ್ತ, ರಿಲೇಗಳ ನಿತ್ಯದ ಖರ್ಚನ್ನೂ ನೋಡಿಕೊಳ್ಳುವ ಸ್ಥಿತಿ ಇದು. ಕರೆಂಟ್ ಹೋಗಿ ಬ್ಯಾಟರಿ ತಾಸುಗಟ್ಟಲೆ ದುಡಿದು ಖಾಲಿಯಾದರೆ ವೋಲ್ಟೇಜನ್ನು 2.4ಕ್ಕೆ, ಅದಕ್ಕೂ ಮೇಲಕ್ಕೆ ಏರಿಸಿ ಬೇಗ ತುಂಬಬೇಕು. ಅದು ಬೂಸ್ಟ್. ವೋಲ್ಟೇಜ್ ಸ್ವಲ್ಪ ಕಡಿಮೆಯಾದರೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ. ಹೆಚ್ಚಾದರೆ ನೀರು ಗ್ಯಾಸಾಗಿ ಹಾರಿ ಸೆಲ್ ಒಣಗುತ್ತದೆ. ಇತ್ತ ಊರಿನ ಸಪ್ಲೈ ಮಾತ್ರ ಒಂದೇ ಹದದಲ್ಲಿ ಬರುವುದಿಲ್ಲ. ಹೊಲದ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಬಿಟ್ಟ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ, ನಡುರಾತ್ರಿ ಏರುತ್ತದೆ. ಏರಿಳಿಯುವ ಎಸಿಯಿಂದ ಅಲುಗದ 121 ವೋಲ್ಟ್ ಡಿಸಿ ತೆಗೆಯಬೇಕು, ಹೇಳಿದಾಗ ಅದನ್ನೇ 132ಕ್ಕೆ ಏರಿಸಬೇಕು.

ಮೊದಲು ಮಾರ್ಪಾಡಿನ ಮಾತು. ನಮ್ಮ ಮನೆಗೆ ಬರುವ 230 ವೋಲ್ಟ್ ಎಸಿ ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಒಂದು ಪೂರ್ತಿ ಸುತ್ತಿಗೆ 20 ಮಿಲಿಸೆಕೆಂಡು. ಒಂದು ದಿಕ್ಕಿನ ಅರ್ಧ ಅಲೆಗೆ 10. ಪ್ರತಿ ಅರ್ಧ ಅಲೆ ಸೊನ್ನೆಯಿಂದ ಏರಿ ಸುಮಾರು 325 ವೋಲ್ಟಿನ ನೆತ್ತಿ ಮುಟ್ಟಿ ಮತ್ತೆ ಸೊನ್ನೆಗೆ ಇಳಿಯುತ್ತದೆ, ಮುಂದಿನದು ಉಲ್ಟಾ ದಿಕ್ಕಿಗೆ. ರಾಮದುರ್ಗ, ಸುರೇಬಾನ ಭಾಗದ ನೇಕಾರರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಮಗ್ಗದ ಲಾಳಿ ಎಡಕ್ಕೆ ಹೋಗಿ ಬಲಕ್ಕೆ ಬರುತ್ತಲೇ ಇರುತ್ತದೆ. ಬಟ್ಟೆ ಮಾತ್ರ ಒಂದೇ ದಿಕ್ಕಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಲಾಳಿಯ ಎರಡೂ ಓಟಗಳು ಬಟ್ಟೆಗೆ ಒಂದೊಂದು ಎಳೆ ಸೇರಿಸುತ್ತವೆ, ಯಾವ ಓಟವೂ ವ್ಯರ್ಥವಲ್ಲ. ನಾಲ್ಕು ಡಯೋಡುಗಳ ಬ್ರಿಡ್ಜ್ ಮಾಡುವುದು ಇದನ್ನೇ. ಮುಂದಿನ ಅರ್ಧ ಅಲೆಗೆ ಒಂದು ಜೋಡಿ ಡಯೋಡ್ ದಾರಿ ಕೊಡುತ್ತದೆ, ಹಿಂದಿನ ಅರ್ಧ ಅಲೆಗೆ ಇನ್ನೊಂದು ಜೋಡಿ. ಹೊರಗಿನ ತಂತಿಯಲ್ಲಿ ಕರೆಂಟ್ ಹರಿಯುವುದು ಸದಾ ಒಂದೇ ಕಡೆಗೆ.

ಡಯೋಡಿನ ಮಿತಿಯೂ ಇಲ್ಲಿಯೇ ಇದೆ. ಮುಂದಿನ ವೋಲ್ಟೇಜ್ ಬಂದರೆ ಸಾಕು, ಅದು ಹರಿಯಬಿಡುತ್ತದೆ. ಯಾರ ಮಾತನ್ನೂ ಕೇಳುವುದಿಲ್ಲ. 230 ವೋಲ್ಟ್ ಎಸಿಯನ್ನು ಡಯೋಡ್ ಬ್ರಿಡ್ಜಿಗೆ ಕೊಟ್ಟರೆ ಸರಾಸರಿ 207 ವೋಲ್ಟ್ ಡಿಸಿ ಬರುತ್ತದೆ. ಸಪ್ಲೈ 200ಕ್ಕೆ ಇಳಿದರೆ 180 ಬರುತ್ತದೆ. ಬಂದದ್ದನ್ನು ಸ್ವೀಕರಿಸಬೇಕು, ಅಷ್ಟೇ. ಬೆಂಗಳೂರಿನ ನಮ್ಮ ಮೆಟ್ರೊಗೆ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ ಕೊಡುವಂಥ ಕಡೆ ಇದು ಸಾಕು, ಏಕೆಂದರೆ ವೇಗದ ಹೆಚ್ಚುಕಡಿಮೆಯನ್ನು ರೈಲಿನೊಳಗಿನ ಯಂತ್ರವೇ ನೋಡಿಕೊಳ್ಳುತ್ತದೆ. ಬ್ಯಾಟರಿ ಚಾರ್ಜರಿಗೆ ಸಾಲದು.

ಡಯೋಡಿನ ಜಾಗಕ್ಕೆ ಥೈರಿಸ್ಟರ್ ಬಂದಾಗ ಕಥೆ ಬದಲಾಗುತ್ತದೆ. ಪಾಲಿಟೆಕ್ನಿಕ್ ಹುಡುಗರು ಇದನ್ನು ಎಸ್‌ಸಿಆರ್ ಎಂದೇ ಕರೆಯುತ್ತಾರೆ. ಡಯೋಡಿನಲ್ಲಿ ಸಿಲಿಕಾನಿನ ಎರಡು ಪದರಗಳಿದ್ದರೆ ಇದರಲ್ಲಿ ನಾಲ್ಕು: ಪಿ, ಎನ್, ಪಿ, ಎನ್. ಎರಡು ಕಾಲುಗಳ ಜತೆಗೆ ಗೇಟ್ ಎಂಬ ಮೂರನೆಯ ಕಾಲು. ಮುಂದಿನ ವೋಲ್ಟೇಜ್ ಬಂದರೂ ಥೈರಿಸ್ಟರ್ ಸುಮ್ಮನೆ ತಡೆದು ನಿಂತಿರುತ್ತದೆ. ಗೇಟಿಗೆ ಒಂದು ಚಿಕ್ಕ ಪಲ್ಸ್ ಕೊಟ್ಟರೆ ಒಳಗಿನ ಪದರಗಳು ಒಂದನ್ನೊಂದು ಪ್ರಚೋದಿಸಿ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಪೂರ್ತಿ ಹರಿವು ಶುರುವಾಗುತ್ತದೆ. ಹತ್ತಾರು ಆಂಪಿಯರ್ ಹೊರುವ ಥೈರಿಸ್ಟರನ್ನು ಎಬ್ಬಿಸಲು ಹತ್ತಾರು ಮಿಲಿಆಂಪಿಯರ್ ಸಾಕು. ಅಂದರೆ ಸಾವಿರದಲ್ಲೊಂದು ಪಾಲು. ಒಮ್ಮೆ ಶುರುವಾದ ಮೇಲೆ ಗೇಟಿನ ಪಲ್ಸ್ ನಿಂತರೂ ಹರಿವು ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವ ಅಧಿಕಾರ ಗೇಟಿಗಿಲ್ಲ. ಕರೆಂಟ್ ತಾನಾಗಿಯೇ ಸೊನ್ನೆಯ ಹತ್ತಿರ ಇಳಿದಾಗ ಮಾತ್ರ ಥೈರಿಸ್ಟರ್ ಮತ್ತೆ ತಡೆಯುವ ಸ್ಥಿತಿಗೆ ಬರುತ್ತದೆ.

ಇದು ದೊಡ್ಡ ದೋಷದಂತೆ ಕಾಣುತ್ತದೆ. ಎಸಿ ಸರ್ಕಿಟ್ಟಿನಲ್ಲಿ ಅದೇ ಅನುಕೂಲ. ಅಲೆ ತಿರುಗಿಬೀಳುತ್ತಲೇ ಹಳೆಯ ಜೋಡಿಗೆ ಹಿಮ್ಮುಖ ವೋಲ್ಟೇಜ್ ಬಿದ್ದು ಅದು ತಾನೇ ನಿಲ್ಲುತ್ತದೆ. ನಿಲ್ಲಿಸಲೆಂದು ಬೇರೆ ಯಾವ ಏರ್ಪಾಡೂ ಬೇಡ. ಎಂಜಿನಿಯರನ ಕೈಯಲ್ಲಿ ಉಳಿಯುವುದು ಒಂದೇ ಒಂದು ನಿರ್ಧಾರ: ಅರ್ಧ ಅಲೆ ಶುರುವಾದ ಮೇಲೆ ಎಷ್ಟು ಹೊತ್ತು ತಡೆದು ಪಲ್ಸ್ ಕೊಡಬೇಕು? ಎಸಿಯನ್ನು ಹೀಗೆ ಬೇಕಾದಷ್ಟೇ ಡಿಸಿ ಮಾಡುವ ನಿಯಂತ್ರಿತ ರೆಕ್ಟಿಫೈಯರಿನ ಸಮಸ್ತ ವಿದ್ಯೆಯೂ ಈ ಒಂದು ತಡದ ಲೆಕ್ಕದಲ್ಲಿದೆ.

ಲೆಕ್ಕವನ್ನು ಕೈಯಾರೆ ಮಾಡಿ ನೋಡಬಹುದು. 10 ಮಿಲಿಸೆಕೆಂಡಿನ ಅರ್ಧ ಅಲೆಯನ್ನು 180 ಡಿಗ್ರಿ ಎಂದು ಇಟ್ಟುಕೊಳ್ಳುವುದು ವಾಡಿಕೆ. ಪಲ್ಸ್ ಕೊಡುವ ಜಾಗಕ್ಕೆ ಫೈರಿಂಗ್ ಕೋನ ಎಂದು ಹೆಸರು. ಎರಡು ಥೈರಿಸ್ಟರ್, ಎರಡು ಡಯೋಡ್ ಇರುವ ಅರೆನಿಯಂತ್ರಿತ ಬ್ರಿಡ್ಜಿಗೆ 230 ವೋಲ್ಟ್ ಕೊಟ್ಟೆವೆನ್ನೋಣ. ತಡವಿಲ್ಲದೆ ಪಲ್ಸ್ ಕೊಟ್ಟರೆ ಡಯೋಡಿನಂತೆಯೇ 207 ವೋಲ್ಟ್. 3.3 ಮಿಲಿಸೆಕೆಂಡು, ಅಂದರೆ 60 ಡಿಗ್ರಿ ತಡೆದರೆ ಸುಮಾರು 155. 5 ಮಿಲಿಸೆಕೆಂಡು ತಡೆದರೆ ಸರಿಯಾಗಿ ಅರ್ಧ, 103. 6.7 ಮಿಲಿಸೆಕೆಂಡಿಗೆ ಬರೀ 52. ಮೊದಲ ಮೂರನೇ ಒಂದು ಭಾಗದ ತಡಕ್ಕೆ 52 ವೋಲ್ಟ್ ಹೋಯಿತು, ನಡುವಿನ ಭಾಗಕ್ಕೆ 103 ಹೋಯಿತು, ಕೊನೆಯ ಭಾಗಕ್ಕೆ ಮತ್ತೆ 52. ಅಲೆಯ ನೆತ್ತಿ ನಡುವಿನಲ್ಲಿರುವುದರಿಂದ ಅಲ್ಲಿ ಒಂದೊಂದು ಕ್ಷಣಕ್ಕೂ ಬೆಲೆ ಹೆಚ್ಚು. ಲ್ಯಾಬಿನಲ್ಲಿ ಅಲೆಯ ಚಿತ್ರ ತೋರಿಸುವ ಸಿಆರ್‌ಒ ತೆರೆಯ ಮೇಲೆ ಇದು ಕಣ್ಣಿಗೇ ಕಾಣುತ್ತದೆ: ದುಂಡನೆಯ ಅಲೆಯ ಎಡಭಾಗವನ್ನು ಕತ್ತಿಯಿಂದ ನೆಟ್ಟಗೆ ಕೊಯ್ದಂತೆ. ನಾಬ್ ತಿರುವಿದಂತೆ ಆ ಕೊಯ್ತ ಬಲಕ್ಕೆ ಸರಿಯುತ್ತದೆ, ಮೀಟರಿನ ಮುಳ್ಳು ಇಳಿಯುತ್ತದೆ. ಪಠ್ಯದ ಸೂತ್ರ ಬಾಯಿಪಾಠ ಮಾಡಿದ ವಿದ್ಯಾರ್ಥಿಗೂ ಈ ತೆರೆಯನ್ನು ನೋಡಿದ ವಿದ್ಯಾರ್ಥಿಗೂ ಬಹಳ ಅಂತರವಿದೆ. ಡಿಪ್ಲೊಮಾ ಕಾಲೇಜುಗಳಲ್ಲಿ ಈ ಒಂದು ಪ್ರಯೋಗವನ್ನು ಅವಸರದಲ್ಲಿ ಮುಗಿಸಬಾರದು.

ಇಲ್ಲಿ ಗಮನಿಸಬೇಕಾದ ಸಂಗತಿ ಶಕ್ತಿಯ ಉಳಿತಾಯ. ದಪ್ಪ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿದರೆ ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಥೈರಿಸ್ಟರ್ ತಡೆದು ನಿಂತಾಗ ಅದರಲ್ಲಿ ಕರೆಂಟ್ ಇಲ್ಲ. ಹರಿಯಬಿಟ್ಟಾಗ ಅದರ ಮೇಲೆ ಒಂದೂವರೆ ವೋಲ್ಟಿನ ಆಸುಪಾಸು ಮಾತ್ರ. ಎರಡೂ ಸ್ಥಿತಿಯಲ್ಲಿ ನಷ್ಟ ಅಲ್ಪ. ಆದರೂ ನೂರು ಆಂಪಿಯರಿಗೆ ಆ ಅಲ್ಪವೇ ನೂರೈವತ್ತು ವಾಟ್ ಆಗುವುದರಿಂದ ಪ್ರತಿ ಥೈರಿಸ್ಟರಿನ ಬೆನ್ನಿಗೂ ಅಲ್ಯುಮಿನಿಯಂ ಹೀಟ್‌ಸಿಂಕ್ ಬಿಗಿದಿರುತ್ತಾರೆ.

ಈಗ ಚಾರ್ಜರಿನ ಕಪಾಟಿಗೆ ಬರೋಣ. ಒಳಗೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್, ಥೈರಿಸ್ಟರ್ ಬ್ರಿಡ್ಜ್, ಏರಿಳಿತವನ್ನು ಸಮ ಮಾಡುವ ಚೋಕು ಮತ್ತು ಕೆಪಾಸಿಟರುಗಳು, ನಿಯಂತ್ರಣದ ಕಾರ್ಡು. ಕಾರ್ಡು ಎರಡು ಸಂಗತಿಗಳನ್ನು ಬಿಡದೆ ನೋಡುತ್ತದೆ. ಡಿಸಿ ವೋಲ್ಟೇಜ್ 121ಕ್ಕಿಂತ ಇಳಿಯಿತೇ, ಪಲ್ಸನ್ನು ತುಸು ಮುಂಚೆ ಕೊಡು. ಏರಿತೇ, ತುಸು ತಡಮಾಡು. ಪಂಪ್‌ಸೆಟ್ಟಿನ ಹೊತ್ತಿಗೆ ಸಪ್ಲೈ ಇಳಿದಾಗ ಪಲ್ಸುಗಳು ಸೊನ್ನೆಯ ಕಡೆ ಸರಿಯುತ್ತವೆ, ರಾತ್ರಿ ಹಿಂದಕ್ಕೆ ಹೋಗುತ್ತವೆ. ಬ್ಯಾಟರಿಗೆ ಇದ್ಯಾವುದರ ಅರಿವೂ ಆಗುವುದಿಲ್ಲ. ಎರಡನೆಯದು ಕರೆಂಟ್. ತೀರ ಬರಿದಾದ ಬ್ಯಾಟರಿ ಸಿಕ್ಕಷ್ಟನ್ನೂ ಎಳೆದುಕೊಳ್ಳಲು ನೋಡುತ್ತದೆ. ಮಿತಿ ಮುಟ್ಟಿದ ಕೂಡಲೇ ಕಾರ್ಡು ವೋಲ್ಟೇಜಿನ ಗುರಿ ಬದಿಗಿಟ್ಟು ಪಲ್ಸನ್ನು ತಡಮಾಡಿ ಕರೆಂಟನ್ನು ಹಿಡಿದು ನಿಲ್ಲಿಸುತ್ತದೆ. ಸೆಲ್‌ಗಳು ತುಂಬುತ್ತ ಬಂದಂತೆ ಮತ್ತೆ ವೋಲ್ಟೇಜಿನ ಲೆಕ್ಕಕ್ಕೆ ಮರಳುತ್ತದೆ.

ಬೂಸ್ಟ್ ಮಾಡುವಾಗ ಇನ್ನೊಂದು ಎಚ್ಚರ ಬೇಕು. ಬ್ಯಾಟರಿಗೆ ಕೊಡುವ ಏರಿದ ವೋಲ್ಟೇಜ್ ರಿಲೇಗಳಿಗೆ ತಗಲಬಾರದು. ಆದ್ದರಿಂದ ಕಪಾಟಿನಲ್ಲಿ ಫ್ಲೋಟಿಗೊಂದು, ಬೂಸ್ಟಿಗೊಂದು ಚಾರ್ಜರ್ ಇರುತ್ತದೆ; ಆ ಹೊತ್ತಿನಲ್ಲಿ ರಿಲೇಗಳ ಹೊರೆಯನ್ನು ಫ್ಲೋಟ್ ಚಾರ್ಜರ್ ಒಂದೇ ಹೊರುತ್ತದೆ, ಬ್ಯಾಟರಿಯನ್ನು ಬೂಸ್ಟ್ ಚಾರ್ಜರ್ ಪ್ರತ್ಯೇಕವಾಗಿ ತುಂಬುತ್ತದೆ. ನಡುವೆ ಫ್ಲೋಟ್ ಚಾರ್ಜರ್ ಕೈಕೊಟ್ಟರೆ? ಸಾಲಿನ ಮಧ್ಯದ ಒಂದು ಸೆಲ್‌ನಿಂದ ಡಯೋಡಿನ ಮೂಲಕ ಎಳೆದ ತಂತಿಯೊಂದು ಆ ಕ್ಷಣವೇ ಹೊರೆ ಹೊತ್ತುಕೊಳ್ಳುತ್ತದೆ. ಒಂದು ಕ್ಷಣವೂ ಡಿಸಿ ಇಲ್ಲದಂತಾಗಬಾರದೆಂಬ ಹಟ ಈ ವಿನ್ಯಾಸದ ಪ್ರತಿ ಮೂಲೆಯಲ್ಲೂ ಇದೆ. ಅದರ ಮೇಲೆ ಮನುಷ್ಯನ ಕೈ: ವಾರಕ್ಕೊಮ್ಮೆ, ಮಾದರಿಗೆಂದು ಆರಿಸಿಟ್ಟ ಪೈಲಟ್ ಸೆಲ್‌ನ ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಸಿ ಆಮ್ಲದ ಸಾಂದ್ರತೆ 1.200ರ ಆಸುಪಾಸಿನಲ್ಲಿದೆಯೇ ನೋಡಿ ರಿಜಿಸ್ಟರಿನಲ್ಲಿ ಬರೆಯುವ, ಡಿಸ್ಟಿಲ್ಡ್ ನೀರು ತುಂಬುವ, ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಸವರುವ ಕೆಲಸ. ಹೊರಗಿನವರಿಗೆ ಕಾಣದ ಕೆಲಸ ಇದು. ಲೈನ್ ಹರಿದ ದಿನ ಅನೇಕರ ಜೀವ ಉಳಿಸುವುದೂ ಇದೇ.

ಎಸಿಯಿಂದ ಡಿಸಿ ತೆಗೆಯುವ ಹಂಬಲ ಸಿಲಿಕಾನಿಗಿಂತ ಹಳೆಯದು. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಷ್ಟು ದೂರ ಸಾಗಿಸಲು ಸಾಧ್ಯವಾದದ್ದು ಎಸಿಯಾದ್ದರಿಂದಲೇ; ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜ್ ಏರಿಸಿ ಇಳಿಸುವ ಸೌಕರ್ಯ ಡಿಸಿಗೆ ಇರಲಿಲ್ಲ. ಅದೇ ಹೊತ್ತಿಗೆ ಅಮೆರಿಕದಲ್ಲಿ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿಯೊಳಗೆ ಕಿಡಿ ಹೊತ್ತಿಸಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರನ್ನು ಲೋಕಕ್ಕೆ ಕೊಟ್ಟ. ಗಾಜಿನ ದೊಡ್ಡ ಬುರುಡೆಯಲ್ಲಿ ನೀಲಿ ಬೆಳಕು ಕುಣಿಯುವ ಆ ಯಂತ್ರಕ್ಕೆ ಮುಂದೆ ಒಂದು ಗ್ರಿಡ್ ಸೇರಿಸಿ ಕಿಡಿ ಯಾವಾಗ ಹೊತ್ತಬೇಕೆಂದು ಹೇಳುವ ಉಪಾಯವೂ ಬಂತು. ತಡಮಾಡಿ ನಿಯಂತ್ರಿಸುವ ವಿದ್ಯೆ ಅಲ್ಲಿಯೇ ಹುಟ್ಟಿತು. 1954ರಲ್ಲಿ ಸ್ವೀಡನ್ನಿನ ದಡದಿಂದ ಗಾಟ್‌ಲ್ಯಾಂಡ್ ದ್ವೀಪಕ್ಕೆ ಸಮುದ್ರದಡಿಯ ಕೇಬಲ್ಲಿನಲ್ಲಿ ಡಿಸಿ ಸಾಗಿಸಿದ್ದು ಪಾದರಸದ ವಾಲ್ವುಗಳ ಬಲದಿಂದ. ಕೋಲಾರದ ಯೋಜನೆಗೆ ವಿದ್ಯುತ್ ಯಂತ್ರಗಳನ್ನು ಪೂರೈಸಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲೇ 1957ರಲ್ಲಿ ಗಾರ್ಡನ್ ಹಾಲ್ ನೇತೃತ್ವದ ಎಂಜಿನಿಯರುಗಳು ಸಿಲಿಕಾನಿನ ನಿಯಂತ್ರಿತ ರೆಕ್ಟಿಫೈಯರನ್ನು ಸಿದ್ಧಮಾಡಿದರು. ಗಾಜು, ಪಾದರಸ, ತಂಪು ಮಾಡುವ ನೀರು ಬೇಡದ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬಿಲ್ಲೆ ಅದು.

ಬೆಳಗಾವಿ ಜಿಲ್ಲೆಗೆ ಡಿಸಿಯ ಹಸಿವಿನ ಪರಿಚಯ ಬೇರೆಯ ರೀತಿಯಲ್ಲೂ ಇದೆ. ಜನ ಇಂದಿಗೂ ಇಂಡಾಲ್ ಎಂದು ಕರೆಯುವ ಬೆಳಗಾವಿಯ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಅಲ್ಯುಮಿನಾದಿಂದ ಅಲ್ಯುಮಿನಿಯಂ ತೆಗೆಯುವ ಘಟಕವೂ ಇತ್ತು. ಆ ಕುಂಡಗಳಿಗೆ ತಲಾ ನಾಲ್ಕೈದು ವೋಲ್ಟ್ ಸಾಕು, ಆದರೆ ಕರೆಂಟ್ ಸಾವಿರಾರು ಆಂಪಿಯರಿನ ಲೆಕ್ಕದಲ್ಲಿ, ಅದೂ ಡಿಸಿ. ಒಂದು ಕಿಲೊ ಅಲ್ಯುಮಿನಿಯಂಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ವಿದ್ಯುತ್ ದುಬಾರಿಯಾದ ಮೇಲೆ ಆ ಘಟಕ ನಿಂತಿತು, ಅಲ್ಯುಮಿನಾ ತಯಾರಿ ಉಳಿಯಿತು.

ಕಬ್ಬಿನ ನಾಡಿನ ಸಕ್ಕರೆ ಕಾರ್ಖಾನೆಗಳು ಈ ವಿದ್ಯೆಯ ಇನ್ನೊಂದು ಮುಖವನ್ನು ತೋರಿಸುತ್ತವೆ. ಕುದಿಸಿದ ಪಾಕದಿಂದ ಸಕ್ಕರೆಯ ಹರಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರದ ಬುಟ್ಟಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ, ಕಾಕಂಬಿಯನ್ನು ಚಿಮ್ಮಿಸಿ, ಮತ್ತೆ ನಿಧಾನಕ್ಕೆ ಇಳಿಯಬೇಕು. ಆಗ ಮಾತ್ರ ಸಕ್ಕರೆಯನ್ನು ಕೆರೆದು ಕೆಳಗೆ ಬೀಳಿಸಬಹುದು. ಕೆಲವೇ ನಿಮಿಷಕ್ಕೊಮ್ಮೆ ಏರು, ಇಳಿ. ಟನ್ನುಗಟ್ಟಲೆ ಭಾರದ ಬುಟ್ಟಿಯನ್ನು ಪ್ರತಿ ಸಲ ಬ್ರೇಕ್ ಹಾಕಿ ನಿಲ್ಲಿಸಿದರೆ ಅಷ್ಟೂ ಶಕ್ತಿ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಥೈರಿಸ್ಟರಿನ ಡಿಸಿ ಡ್ರೈವ್ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

ಹೇಗೆಂದರೆ, ನಾಲ್ಕೂ ಜಾಗಗಳಲ್ಲಿ ಥೈರಿಸ್ಟರ್ ಇರುವ ಪೂರ್ಣ ನಿಯಂತ್ರಿತ ಬ್ರಿಡ್ಜಿಗೆ ಒಂದು ವಿಶೇಷ ಗುಣವಿದೆ. ಚೋಕು, ಮೋಟರುಗಳಂಥ ಹೊರೆ ಇದ್ದಾಗ ಅಲೆ ತಿರುಗಿಬಿದ್ದ ಮೇಲೂ ಕರೆಂಟ್ ಕೂಡಲೇ ನಿಲ್ಲದೆ ಹರಿಯುತ್ತಿರುತ್ತದೆ. ಹೊಸ ಜೋಡಿಗೆ ಪಲ್ಸ್ ಸಿಗುವವರೆಗೂ ಹಳೆಯ ಜೋಡಿಯೇ ಅದನ್ನು ಹೊತ್ತಿರುತ್ತದೆ. ಆ ಅವಧಿಯಲ್ಲಿ ಹೊರಬರುವ ವೋಲ್ಟೇಜ್ ಋಣ. ಫೈರಿಂಗ್ ಕೋನ 90 ಡಿಗ್ರಿ ಆದಾಗ ಧನ ಭಾಗ, ಋಣ ಭಾಗ ಸಮವಾಗಿ ಸರಾಸರಿ ಸೊನ್ನೆ. 90 ದಾಟಿದರೆ ಸರಾಸರಿಯೇ ಋಣ. ಕರೆಂಟಿನ ದಿಕ್ಕು ಅದೇ, ವೋಲ್ಟೇಜ್ ಉಲ್ಟಾ. ಅಂದರೆ ಶಕ್ತಿ ಈಗ ಡಿಸಿ ಕಡೆಯಿಂದ ಎಸಿ ಕಡೆಗೆ ಹರಿಯುತ್ತಿದೆ! ತಿರುಗುವ ಬುಟ್ಟಿಯೇ ಮೋಟರನ್ನು ಜನರೇಟರ್ ಮಾಡುತ್ತದೆ; ಮೋಟರಿನ ಫೀಲ್ಡ್ ತಿರುಗಿಸಿಯೋ ಎರಡನೆಯ ಬ್ರಿಡ್ಜ್ ಬಳಸಿಯೋ ಆ ಶಕ್ತಿಯನ್ನು ಕಾರ್ಖಾನೆಯ ಲೈನಿಗೇ ಮರಳಿಸಬಹುದು. ಒಂದು ಯಂತ್ರದ ಬ್ರೇಕಿನಿಂದ ಬಂದ ವಿದ್ಯುತ್ತಿನಲ್ಲಿ ಪಕ್ಕದ ಯಂತ್ರ ವೇಗ ಪಡೆಯುತ್ತದೆ. ಯಾವ ತಂತಿಯನ್ನೂ ಬದಲಿಸದೆ, ಕೆಲವು ಮಿಲಿಸೆಕೆಂಡು ಹೆಚ್ಚು ತಡೆದದ್ದಕ್ಕೆ ರೆಕ್ಟಿಫೈಯರೇ ಇನ್ವರ್ಟರ್ ಆಗುವ ಈ ಸಂಗತಿ ವಿದ್ಯುತ್ ಎಂಜಿನಿಯರಿಂಗಿನ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು.

ಅದರ ಭವ್ಯ ರೂಪ ನೋಡಲು ಮತ್ತೆ ಕೋಲಾರಕ್ಕೇ ಹೋಗಬೇಕು. 1902ರಲ್ಲಿ ಎಸಿ ಬಂದಿಳಿದ ಅದೇ ಜಿಲ್ಲೆಗೆ 2003ರಲ್ಲಿ ಒಡಿಶಾದ ತಾಲ್ಚೇರಿನಿಂದ ಡಿಸಿ ಬಂತು. ಪವರ್‌ಗ್ರಿಡ್ ನಿಗಮದ ತಾಲ್ಚೇರ್–ಕೋಲಾರ ಲೈನಿನ ಉದ್ದ ಸುಮಾರು 1,400 ಕಿ.ಮೀ. ಒಂದು ತಂತಿಯಲ್ಲಿ ಧನ 500 ಕೆ.ವಿ., ಇನ್ನೊಂದರಲ್ಲಿ ಋಣ 500 ಕೆ.ವಿ., ಆರಂಭದಲ್ಲಿ 2,000 ಮೆಗಾವಾಟ್. ಭಾಗಿಸಿ ನೋಡಿದರೆ ಆಗ ತಂತಿಯಲ್ಲಿ ಹರಿಯುತ್ತಿದ್ದುದು 2,000 ಆಂಪಿಯರ್. ತಾಲ್ಚೇರಿನ ತುದಿಯಲ್ಲಿ ಥೈರಿಸ್ಟರುಗಳು ಕಡಿಮೆ ಕೋನದಲ್ಲಿ ಹೊತ್ತಿ ಎಸಿಯನ್ನು ಡಿಸಿ ಮಾಡುತ್ತವೆ. ಕೋಲಾರದ ತುದಿಯಲ್ಲಿ ಅದೇ ಬಗೆಯ ಥೈರಿಸ್ಟರುಗಳು 90 ಡಿಗ್ರಿಯನ್ನು ಎಷ್ಟೋ ದಾಟಿ ಹೊತ್ತಿ ಡಿಸಿಯನ್ನು ಎಸಿ ಮಾಡುತ್ತವೆ. ಒಂದೊಂದು ಥೈರಿಸ್ಟರ್ ಕೆಲವು ಸಾವಿರ ವೋಲ್ಟ್ ಮಾತ್ರ ತಡೆಯಬಲ್ಲದಾದ್ದರಿಂದ ಹತ್ತಾರು ಬಿಲ್ಲೆಗಳನ್ನು ಸಾಲಾಗಿ ಪೇರಿಸಿ ಒಂದು ವಾಲ್ವ್ ಮಾಡುತ್ತಾರೆ. ಸಾಲಿನ ಎಲ್ಲ ಬಿಲ್ಲೆಗಳೂ ಒಂದೇ ಕ್ಷಣಕ್ಕೆ ಹೊತ್ತಬೇಕು; ಒಂದು ಹಿಂದೆ ಬಿದ್ದರೂ ಪೂರ್ತಿ ವೋಲ್ಟೇಜ್ ಅದರ ಮೇಲೆ ಬಿದ್ದು ಸುಡುತ್ತದೆ. ಪಲ್ಸಿನ ಆಜ್ಞೆ ತಾಮ್ರದ ತಂತಿಯಲ್ಲಿ ಹೋಗದೆ ಗಾಜಿನ ನಾರಿನಲ್ಲಿ ಬೆಳಕಾಗಿ ಹೋಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಡಿಸಿ ಏಕೆ? ದೂರ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆಗ ದಕ್ಷಿಣದ ವಿದ್ಯುತ್ ಜಾಲ ಉಳಿದ ದೇಶದೊಂದಿಗೆ ತಾಳ ಸೇರಿರಲಿಲ್ಲ. ಎರಡು ಎಸಿ ಜಾಲಗಳನ್ನು ನೇರ ಜೋಡಿಸಬೇಕಾದರೆ ಅವುಗಳ ಆವರ್ತನ, ಅಲೆಯ ಏರಿಳಿತ ಎಲ್ಲವೂ ಒಂದಾಗಿರಬೇಕು. ನಡುವೆ ಡಿಸಿ ಇದ್ದರೆ ಆ ಹಂಗಿಲ್ಲ. ಇದರ ಬೆಲೆ 2012ರ ಜುಲೈ 30 ಮತ್ತು 31ರಂದು ತಿಳಿಯಿತು. ಮೊದಲ ದಿನ ಉತ್ತರದ ಜಾಲ, ಮರುದಿನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಒಟ್ಟಿಗೇ ಕುಸಿದು 60 ಕೋಟಿ ಜನರ ನಾಡು ಕತ್ತಲಾಯಿತು. ಪೂರ್ವದಿಂದ ಬರುತ್ತಿದ್ದ ವಿದ್ಯುತ್ ತಪ್ಪಿ ದಕ್ಷಿಣಕ್ಕೂ ಹೊಡೆತ ಬಿತ್ತು, ಆವರ್ತನ ತಗ್ಗಿತು, ಲೋಡ್ ಕಡಿತ ಮಾಡಬೇಕಾಯಿತು. ಆದರೆ ಜಾಲ ಕುಸಿಯಲಿಲ್ಲ. ಆ ಕಡೆಯ ಅಲೆಯ ತಳಮಳ ಡಿಸಿಯ ಕೊಂಡಿಯನ್ನು ದಾಟಿ ಈ ಕಡೆ ಬರುವಂತಿರಲಿಲ್ಲ. ಮುಂದೆ 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕೆ.ವಿ. ಎಸಿ ಲೈನ್ ಚಾಲೂ ಆಗಿ ಇಡೀ ದೇಶ ಒಂದೇ ಆವರ್ತನಕ್ಕೆ ಬಂತು. ಅದರಿಂದ ಕೋಲಾರದ ಮಹತ್ವ ಕುಂದಲಿಲ್ಲ. ಎಸಿ ಲೈನಿನಲ್ಲಿ ವಿದ್ಯುತ್ ತನ್ನ ದಾರಿ ತಾನೇ ಹುಡುಕುತ್ತದೆ. ಡಿಸಿ ಲೈನಿನಲ್ಲಿ ಎಷ್ಟು ಮೆಗಾವಾಟ್ ಹರಿಯಬೇಕೆಂದು ಕೋಣೆಯಲ್ಲಿ ಕೂತು ಹೇಳಬಹುದು, ಫೈರಿಂಗ್ ಕೋನ ಬದಲಿಸಿ.

ಈ ವಿದ್ಯೆ ಪುಕ್ಕಟೆ ಬರುವುದಿಲ್ಲ. ಅಲೆಯನ್ನು ಕೊಯ್ದು ತೆಗೆದುಕೊಂಡಾಗ ಲೈನಿನಿಂದ ಎಳೆಯುವ ಕರೆಂಟ್ ದುಂಡನೆಯ ಅಲೆಯಾಗಿ ಉಳಿಯುವುದಿಲ್ಲ. 50ರ ಜತೆಗೆ 250, 350 ಹರ್ಟ್ಸ್‌ನಂಥ ಹೆಚ್ಚುವರಿ ಕಂಪನಗಳು ಲೈನಿಗೆ ಸೇರಿ ಟ್ರಾನ್ಸ್‌ಫಾರ್ಮರನ್ನು ಬಿಸಿಮಾಡುತ್ತವೆ, ಕೆಪಾಸಿಟರುಗಳನ್ನು ಹಾಳುಮಾಡುತ್ತವೆ. ತಡಮಾಡಿದಷ್ಟೂ ಪವರ್ ಫ್ಯಾಕ್ಟರ್ ಕುಸಿಯುತ್ತದೆ, ಕೈಗಾರಿಕೆಯ ಬಿಲ್ಲಿನಲ್ಲಿ ಅದಕ್ಕೆ ದಂಡ ಬೀಳುತ್ತದೆ. ಚಾರ್ಜರಿನ ಟ್ರಾನ್ಸ್‌ಫಾರ್ಮರನ್ನು ಅಳತೆ ನೋಡಿ ಆರಿಸಿ, ನಿತ್ಯದ ಕೆಲಸ ಕಡಿಮೆ ಕೋನದಲ್ಲೇ ನಡೆಯುವಂತೆ ಮಾಡುವುದು ಇದಕ್ಕಾಗಿಯೇ. ತ್ರೀ ಫೇಸಿನ ಆರು ಥೈರಿಸ್ಟರಿನ ಬ್ರಿಡ್ಜಿನಲ್ಲಿ ಡಿಸಿಯ ಏರಿಳಿತ ಸೆಕೆಂಡಿಗೆ 300 ಸಲ. ಅಂಥ ಎರಡು ಬ್ರಿಡ್ಜುಗಳನ್ನು 30 ಡಿಗ್ರಿ ಅಂತರದಲ್ಲಿ ಸೇರಿಸಿದರೆ 600 ಸಲ, ಐದನೆಯ ಮತ್ತು ಏಳನೆಯ ಕಂಪನಗಳು ಪರಸ್ಪರ ಅಳಿಸಿಹೋಗುತ್ತವೆ. ಕೋಲಾರದಂಥ ದೊಡ್ಡ ಕೇಂದ್ರಗಳು ನಡೆಯುವುದು ಈ ಕ್ರಮದಲ್ಲಿ. ಆದರೂ ಸಾಗಿಸುವ ವಿದ್ಯುತ್ತಿನ ಅರ್ಧದಷ್ಟು ರಿಯಾಕ್ಟಿವ್ ಪವರ್ ಇಂಥ ಕೇಂದ್ರಗಳಿಗೆ ಬೇಕಾಗುತ್ತದೆ. ಅದನ್ನು ಒದಗಿಸುವ ಕೆಪಾಸಿಟರು, ಫಿಲ್ಟರುಗಳಿಗೇ ವಿಶಾಲ ಅಂಗಳ ಮೀಸಲು.

ಮನೆಯಲ್ಲೂ ಇದರ ಸಣ್ಣ ರುಚಿ ಸಿಗುತ್ತದೆ. ಹಂತಗಳಿಲ್ಲದೆ ನುಣುಪಾಗಿ ತಿರುಗುವ ಫ್ಯಾನ್ ರೆಗ್ಯುಲೇಟರಿನೊಳಗೆ ಟ್ರಯಾಕ್ ಎಂಬ, ಎರಡು ಥೈರಿಸ್ಟರುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂಡಿಸಿದಂಥ ಸಾಧನವಿರುತ್ತದೆ. ಇಲ್ಲಿ ಡಿಸಿ ಮಾಡುವುದಿಲ್ಲ, ಅಲೆ ಕೊಯ್ಯುವುದು ಮಾತ್ರ ಅದೇ ರೀತಿ. ವೇಗ ಕಡಿಮೆ ಮಾಡಿದಾಗ ಫ್ಯಾನು ಗುಂಯ್‌ಗುಟ್ಟುವುದು, ಹತ್ತಿರದಲ್ಲಿಟ್ಟ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಹಿಡಿದರೆ ಕೊರಕೊರ ಸದ್ದು ಸೇರುವುದು, ಎರಡಕ್ಕೂ ಸೆಕೆಂಡಿಗೆ ನೂರು ಸಲ ಥಟ್ಟನೆ ಶುರುವಾಗುವ ಕರೆಂಟೇ ಕಾರಣ.

ಗೇಟಿಗೆ ಶುರುಮಾಡುವ ಅಧಿಕಾರವಿದೆ, ನಿಲ್ಲಿಸುವ ಅಧಿಕಾರವಿಲ್ಲ ಎಂಬ ಮೂಲ ಮಿತಿ ದೊಡ್ಡ ಲೈನುಗಳಲ್ಲೂ ಕಾಡುತ್ತದೆ. ಇಳಿಯುವ ತುದಿಯ ಎಸಿ ವೋಲ್ಟೇಜ್ ಸಿಡಿಲಿಗೋ ಮತ್ತೇತಕ್ಕೋ ಒಂದು ಕ್ಷಣ ಕುಸಿದರೆ, ನಿಲ್ಲಬೇಕಾದ ಥೈರಿಸ್ಟರ್ ನಿಲ್ಲದೆ ಹರಿಯುತ್ತಲೇ ಇದ್ದು ಸಾಗಣೆ ತಪ್ಪಿಬಿಡುತ್ತದೆ. ಎರಡೂ ಅಧಿಕಾರವಿರುವ ಐಜಿಬಿಟಿ ಎಂಬ ಸಾಧನ ಬಂದ ಮೇಲೆ ಸಕ್ಕರೆ ಕಾರ್ಖಾನೆಯ ಡಿಸಿ ಡ್ರೈವುಗಳ ಜಾಗವನ್ನು ಎಸಿ ಮೋಟರಿನ ಡ್ರೈವುಗಳು ಹಿಡಿಯುತ್ತಿವೆ. ಟೆಲಿಫೋನ್ ಎಕ್ಸ್‌ಚೇಂಜುಗಳ 48 ವೋಲ್ಟ್ ಬ್ಯಾಟರಿಗೆ ಥೈರಿಸ್ಟರ್ ಚಾರ್ಜರಿನ ಬದಲು ಹಗುರವಾದ ಎಸ್‌ಎಂಪಿಎಸ್ ಘಟಕಗಳು ಬಂದಿವೆ. ಅತಿ ದೊಡ್ಡ ಶಕ್ತಿಯ ಕಡೆ ಮಾತ್ರ ಥೈರಿಸ್ಟರನ್ನು ಮೀರಿಸಿದ್ದಿಲ್ಲ. ತಮಿಳುನಾಡಿನ ಪುಗಲೂರಿನಲ್ಲಿ ಈ ಎರಡು ತಲೆಮಾರುಗಳನ್ನೂ ಒಟ್ಟಿಗೆ ನೋಡಬಹುದು. ಛತ್ತೀಸಗಡದ ರಾಯಗಡದಿಂದ 800 ಕೆ.ವಿ.ಯಲ್ಲಿ 6,000 ಮೆಗಾವಾಟ್ ತಂದಿಳಿಸುವುದು ಥೈರಿಸ್ಟರ್. ಅಲ್ಲಿಂದ 2,000 ಮೆಗಾವಾಟನ್ನು ಕೇರಳದ ತ್ರಿಶೂರಿಗೆ, ಕೊನೆಯ ಭಾಗದಲ್ಲಿ ನೆಲದಡಿಯ ಕೇಬಲ್ಲಿನ ಮೂಲಕ, 2021ರಿಂದ ಕಳಿಸುತ್ತಿರುವುದು ಐಜಿಬಿಟಿ.